ಹಳದಿ ಅಂಟಿದ ನೋಟು

ಗುಂಡ್ಲುಪೇಟೆಯ ಕ್ಯಾಷ್ ಕೌಂಟರಿನಲ್ಲಿ ಕೂತವನಿಗೆ ಅರಿಶಿನದ ಸುಗ್ಗಿ ಬಂದದ್ದು ಕ್ಯಾಲೆಂಡರ್ ನೋಡದೆಯೇ ತಿಳಿಯುತ್ತಿತ್ತು. ನೋಟಿನ ಅಂಚೆಲ್ಲ ಹಳದಿ. ನಾನು ಸೇರಿದ್ದು ಮೈಸೂರು ಬ್ಯಾಂಕಿಗೆ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, 1913ರಲ್ಲಿ ಹುಟ್ಟಿದ ಬ್ಯಾಂಕು. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು. ನನ್ನ ಬಾಯಲ್ಲಿ ಮಾತ್ರ ಈಗಲೂ ಹಳೇ ಹೆಸರೇ.

ಚಾಮರಾಜನಗರಕ್ಕೆ ವರ್ಗವಾದ ಮೇಲೆ, ರೇಷ್ಮೆಗೂಡು ಮಾರಿದ ದುಡ್ಡನ್ನು ಸೆರಗಿನಲ್ಲಿ ಗಂಟು ಕಟ್ಟಿ ತಂದ ಅಜ್ಜಿಯೊಬ್ಬರು ಕೇಳಿದರು: ‘ಏಸು ವರ್ಸಕ್ಕ ಡಬಲ್ ಆದ್ದು ಬುದ್ಧಿ?’ ಚಲನ್ನಿನ ಬೆನ್ನಿಗೆ 72 ಬರೆದು, ಅಂದಿನ ಬಡ್ಡಿದರ 8ರಿಂದ ಭಾಗಿಸಿ ತೋರಿಸಿದೆ. ಸುಮಾರು 9 ವರ್ಷ. ‘ಅಲ್ಲಿಗಂಟ ನಾ ಇದ್ದನಾ?’ ಎಂದು ನಕ್ಕರು. ಆಗಲೇ ಮೊಮ್ಮಗಳನ್ನು ನಾಮಿನಿ ಮಾಡಿಸಿದೆ. ನನ್ನ ಸರ್ವೀಸಿನಲ್ಲಿ ಮಾಡಿದ ಒಳ್ಳೆಯ ಕೆಲಸ ಅದೇ ಇರಬೇಕು.

ನಿಮ್ಮ ಠೇವಣಿಗೆ ನಾಮಿನಿ ಇದ್ದಾರೆಯೇ? ಇವತ್ತೇ ನೋಡಿಕೊಳ್ಳಿ.