ಪಟಪಟ ಸದ್ದಿಗೆ ಪೆಟ್ರೋಲು ಮದ್ದಲ್ಲ

ಬೈಕಿನ ಆಕ್ಸಿಲರೇಟರ್ ಬಿಟ್ಟೊಡನೆ ಸೈಲೆನ್ಸರಿನಿಂದ ಹೊಮ್ಮುವ ಪಟಾಕಿ ಸದ್ದನ್ನು ಅನೇಕ ಯುವಕರು ಎಂಜಿನ್ನಿನ ಶಕ್ತಿಯೆಂದೇ ಭಾವಿಸಿದ್ದಾರೆ. ವಾಸ್ತವದಲ್ಲಿ ಅದು ಎಂಜಿನ್ನಿನೊಳಗೆ ಉರಿಯದೆ ಹೊರಬಿದ್ದ ಪೆಟ್ರೋಲು ಬಿಸಿ ಕೊಳವೆಯಲ್ಲಿ ಗಾಳಿ ಸಿಕ್ಕು ಹೊತ್ತಿಕೊಳ್ಳುವ ಸದ್ದು.

2020ರ ಏಪ್ರಿಲ್ 1ರಂದು ಬಿಎಸ್-6 ಮಾನದಂಡ ಜಾರಿಯಾದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬ್ಯುರೇಟರ್ ಬಹುತೇಕ ಮರೆಯಾಗಿದೆ. ಪೆಟ್ರೋಲಿನ ಪ್ರಮಾಣವನ್ನು ಇಸಿಯು ಎಂಬ ಪುಟ್ಟ ಗಣಕವೇ ನಿರ್ಧರಿಸುತ್ತದೆ. ಹೊಗೆಕೊಳವೆಯಲ್ಲಿನ ಆಮ್ಲಜನಕ ಸೆನ್ಸರ್ ಅದರ ವರದಿಗಾರ. ಕೊಳವೆಯು ಎಂಜಿನ್ನಿಗೆ ಕೂಡುವೆಡೆ ಗ್ಯಾಸ್ಕೆಟ್ ಸವೆದು ಹೊರಗಿನ ಗಾಳಿ ನುಸುಳಿತೆನ್ನಿ, ಪೆಟ್ರೋಲು ಸಾಲದೆಂದು ಸೆನ್ಸರ್ ತಪ್ಪು ವರದಿ ಕೊಡುತ್ತದೆ, ಇಸಿಯು ಇನ್ನಷ್ಟು ಸುರಿಯುತ್ತದೆ. ತಪ್ಪು ಅಂಕಿಅಂಶ ನಂಬಿ ಅನುದಾನ ಹೆಚ್ಚಿಸಿದ ಕಡತಗಳನ್ನು ನಾನು ಸಾಕಷ್ಟು ಕಂಡಿದ್ದೇನೆ!

ನೆರೆಮನೆಯ ಹುಡುಗನಿಗೆ ಗ್ಯಾರೇಜೊಂದರಲ್ಲಿ ಪೆಟ್ರೋಲು ಹೆಚ್ಚಿಸುವ ದುಬಾರಿ ಉಪಕರಣ ಹಾಕಿಸಲು ಹೇಳಿದ್ದರಂತೆ. ಮೊದಲು ಸೋರಿಕೆ ನೋಡೆಂದೆ. ತಣ್ಣಗಿದ್ದ ಎಂಜಿನ್ ಚಾಲೂ ಮಾಡಿ ಆ ಕೂಡಿಕೆಗೆ ಸೋಪಿನ ನೀರು ಹಚ್ಚಿದಾಗ ಗುಳ್ಳೆಗಳೆದ್ದವು. ಹೊಸ ಗ್ಯಾಸ್ಕೆಟ್ ಕೂರಿಸಿ ಬೋಲ್ಟ್ ಬಿಗಿದ ಮೇಲೆ ಸದ್ದಡಗಿತು. ಅಲ್ಲಿ ಸೋರಿಕೆಯಿಲ್ಲದಿದ್ದರೆ ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಇಂಜೆಕ್ಟರ್‌ಗಳನ್ನು ಪರೀಕ್ಷಿಸಬೇಕು. ಇಸಿಯು ಲೆಕ್ಕಾಚಾರಕ್ಕೆ ಕೈಹಾಕುವುದು ಕೊನೆಗೆ.

ಕಂಪನಿಯ ಸೈಲೆನ್ಸರನ್ನೇ ಕಿತ್ತೆಸೆದವರ ಕಥೆ ಬೇರೆ. ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಅದರೊಂದಿಗೆ ಹೋದರೆ ವಿಷಾನಿಲವೂ ಸದ್ದೂ ಬೀದಿಯ ಪಾಲು. ಒಬ್ಬನ ಮೋಜಿನ ವೆಚ್ಚವನ್ನು ಊರೇ ಭರಿಸುವ ಇದನ್ನು ಅರ್ಥಶಾಸ್ತ್ರ ಬಾಹ್ಯ ಪರಿಣಾಮವೆನ್ನುತ್ತದೆ. ಮೋಟಾರು ವಾಹನ ಕಾಯ್ದೆಯ 190(2)ನೇ ಸೆಕ್ಷನ್, 2019ರ ತಿದ್ದುಪಡಿಯಂತೆ, ಶಬ್ದ ಮತ್ತು ವಾಯುಮಾಲಿನ್ಯದ ಮಿತಿ ಮೀರಿದವರಿಗೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆವಾಸಕ್ಕೂ ಅವಕಾಶ ನೀಡಿದೆ. ನಮ್ಮ ಬಡಾವಣೆಯಲ್ಲಂತೂ ರಾತ್ರಿ ಹನ್ನೊಂದರ ನಂತರವೂ ಪಟಾಕಿ ನಿಂತಿಲ್ಲ.