ಗಣಕದೊಳಗಿನ ವಿಕಾಸ

ಉತ್ತರ ಕನ್ನಡ ಜಿಲ್ಲೆಯಲ್ಲಿ ಸೋಂದೆಯ ಬಳಿಯ ಸ್ವರ್ಣವಲ್ಲಿಯ ಸುತ್ತ ಹಬ್ಬಿರುವ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯು ಅಡಿಕೆ ತೋಟಗಳ ನಾಡು. ಇಲ್ಲಿಯ ಕೃಷಿಕನು ಹೊಸ ತೋಟ ಹಾಕುವಾಗ ಕೈಗೆ ಸಿಕ್ಕಿದ ಅಡಿಕೆಯನ್ನೆಲ್ಲ ಬೀಜಕ್ಕೆ ಇಡುವುದಿಲ್ಲ. ವರ್ಷವರ್ಷವೂ ತಪ್ಪದೆ ಫಲ ಕೊಡುವ ತಾಯಿಮರವನ್ನು ಗುರುತಿಸಿ, ಅದರ ಹಣ್ಣಡಿಕೆಯನ್ನು ಆರಿಸುತ್ತಾನೆ. ಮೊಳೆತ ಸಸಿಗಳಲ್ಲಿಯೂ ಸೊರಗಿದವನ್ನು ಬದಿಗಿಟ್ಟು, ದೃಢವಾದವನ್ನು ನೆಡುತ್ತಾನೆ. ಅವು ಬೆಳೆದು ಫಲ ಕೊಟ್ಟಾಗ ಅವುಗಳಲ್ಲಿ ಉತ್ತಮವಾದವು ಮತ್ತೆ ತಾಯಿಮರಗಳಾಗುತ್ತವೆ. ಒಳ್ಳೆಯ ಅಡಿಕೆ ಮರವನ್ನು ಯಾರೂ ನಕ್ಷೆ ಬರೆದು ರಚಿಸಲಿಲ್ಲ. ಆರಿಸಿದರು, ಕಾದರು, ಮತ್ತೆ ಆರಿಸಿದರು.

ಇದೇ ಸೀಮೆಯ ಹೊಳೆದಂಡೆಗಳಲ್ಲಿ ಅಪ್ಪೆಮಾವಿನ ಮರಗಳಿವೆ. ಇವುಗಳ ಮಿಡಿ ಉಪ್ಪಿನಕಾಯಿಗೆ ಹೆಸರಾದದ್ದು. ಒಂದು ಮರದ ಮಿಡಿಯಂತೆ ಇನ್ನೊಂದರದು ಇರುವುದಿಲ್ಲ. ಒಂದರಲ್ಲಿ ಜೀರಿಗೆಯ ಪರಿಮಳ, ಇನ್ನೊಂದರಲ್ಲಿ ಹೆಚ್ಚು ಹುಳಿ, ಮತ್ತೊಂದರ ಮಿಡಿ ನೀಳ. ಮಾವಿನ ಬೀಜದಿಂದ ಹುಟ್ಟಿದ ಮರವು ತಾಯಿಮರವನ್ನು ಪೂರ್ಣವಾಗಿ ಹೋಲುವುದಿಲ್ಲವಾದ್ದರಿಂದಲೇ ಈ ವೈವಿಧ್ಯ ಉಂಟಾಯಿತು. ಅವುಗಳಲ್ಲಿ ಮೆಚ್ಚುಗೆಯಾದವನ್ನು ಜನರು ಗುರುತಿಸಿ ಹೆಸರಿಟ್ಟರು. ಕಸಿ ಕಟ್ಟಿ ಉಳಿಸಿಕೊಂಡರು. ಅನಂತಭಟ್ಟನ ಅಪ್ಪೆ, ಜೀರಿಗೆ ಅಪ್ಪೆ ಮೊದಲಾದ ಹೆಸರುಗಳು ಹೀಗೆ ಬಂದವು. ನಿಸರ್ಗವು ಭೇದವನ್ನು ಒದಗಿಸಿತು. ಮನುಷ್ಯನು ಆಯ್ಕೆಯನ್ನು ಮಾಡಿದನು.

ಭೇದ ಮತ್ತು ಆಯ್ಕೆ ಎಂಬ ಈ ಎರಡರ ಮಹತ್ವವನ್ನು ಜಗತ್ತಿಗೆ ತೋರಿಸಿಕೊಟ್ಟವರು ಚಾರ್ಲ್ಸ್ ಡಾರ್ವಿನ್ ಅವರು. ೧೮೫೯ರಲ್ಲಿ ಪ್ರಕಟವಾದ ತಮ್ಮ ಪ್ರಸಿದ್ಧ ಗ್ರಂಥವನ್ನು ಅವರು ಆರಂಭಿಸಿದ್ದು ಕಾಡಿನ ಜೀವಿಗಳಿಂದಲ್ಲ; ಮನುಷ್ಯನು ಸಾಕಿದ ಪ್ರಾಣಿಗಳಿಂದ, ಬೆಳೆಸಿದ ಸಸ್ಯಗಳಿಂದ. ಮನುಷ್ಯನು ತೋಟದಲ್ಲಿ ಅಲ್ಪಕಾಲದಲ್ಲಿ ಮಾಡುವುದನ್ನು ನಿಸರ್ಗವು ದೀರ್ಘಕಾಲದಲ್ಲಿ ತಾನಾಗಿಯೇ ಮಾಡುತ್ತದೆ ಎಂಬುದು ಅವರ ವಾದದ ಸಾರ.

ಹೀಗಿರುವಾಗ ಒಂದು ಪ್ರಶ್ನೆ ಏಳುತ್ತದೆ. ಸಸ್ಯಗಳನ್ನು ಉತ್ತಮಗೊಳಿಸುವ ಈ ವಿಧಾನದಿಂದ ಲೆಕ್ಕದ ಉತ್ತರಗಳನ್ನೂ ಉತ್ತಮಗೊಳಿಸಬಹುದೆ? ಬಹುದು ಎಂದು ತೋರಿಸಿಕೊಟ್ಟ ಶಾಸ್ತ್ರಕ್ಕೆ ವಿಕಾಸಾತ್ಮಕ ಗಣನೆ ಎಂದು ಹೆಸರು.

ಒಂದು ಉದಾಹರಣೆಯನ್ನು ನೋಡಬಹುದು. ಶಿರಸಿಯಿಂದ ಹೊರಟ ವ್ಯಾಪಾರಿಯೊಬ್ಬನು ಇಪ್ಪತ್ತು ಹಳ್ಳಿಗಳನ್ನು ಒಂದೊಂದು ಸಲ ಸಂದರ್ಶಿಸಿ ಮರಳಿ ಶಿರಸಿಗೆ ಬರಬೇಕಾಗಿದೆ. ಯಾವ ಕ್ರಮದಲ್ಲಿ ಹೋದರೆ ದಾರಿ ಅತಿ ಕಡಿಮೆಯಾಗುತ್ತದೆ? ಮೂರು ಹಳ್ಳಿಗಳಾದರೆ ಇರುವುದು ಆರೇ ಕ್ರಮಗಳು. ಹತ್ತು ಹಳ್ಳಿಗಳಾದರೆ ೩೬,೨೮,೮೦೦ ಕ್ರಮಗಳು. ಇಪ್ಪತ್ತಾದರೆ ಈ ಸಂಖ್ಯೆ ಸುಮಾರು ೨೪,೦೦೦ ಕೋಟಿ ಕೋಟಿ! ಸೆಕೆಂಡಿಗೆ ಒಂದು ಕೋಟಿ ಕ್ರಮಗಳನ್ನು ಪರೀಕ್ಷಿಸುವ ಗಣಕಯಂತ್ರವೂ ಎಲ್ಲವನ್ನೂ ನೋಡಿ ಮುಗಿಸಲು ಏಳು ಸಾವಿರ ವರ್ಷಗಳಿಗಿಂತ ಹೆಚ್ಚು ಕಾಲ ಬೇಕು.

ಆದ್ದರಿಂದ ಬೇರೊಂದು ಉಪಾಯವನ್ನು ಹೂಡುತ್ತಾರೆ. ಮೊದಲು ಮನಬಂದಂತೆ ನೂರು ಕ್ರಮಗಳನ್ನು ಮಾಡಿಕೊಳ್ಳುತ್ತಾರೆ. ಇದು ಮೊದಲ ಪೀಳಿಗೆ. ದಾರಿ ಎಷ್ಟು ಕಡಿಮೆಯೋ ಅಷ್ಟು ಹೆಚ್ಚಿನ ಅಂಕವನ್ನು ಪ್ರತಿಯೊಂದಕ್ಕೂ ಕೊಡುತ್ತಾರೆ. ಈ ಅಂಕವೇ ಅದರ ಅರ್ಹತೆ. ಹೆಚ್ಚು ಅರ್ಹವಾದವನ್ನು ಆರಿಸಿ ಜೋಡಿ ಮಾಡುತ್ತಾರೆ. ಒಂದರಿಂದ ಹಳ್ಳಿಗಳ ಒಂದು ಸಾಲನ್ನು ತೆಗೆದುಕೊಂಡು, ಉಳಿದ ಹಳ್ಳಿಗಳನ್ನು ಇನ್ನೊಂದರಲ್ಲಿರುವ ಕ್ರಮದಂತೆ ತುಂಬಿದರೆ ಹೊಸ ಕ್ರಮವೊಂದು ಹುಟ್ಟುತ್ತದೆ. ಇದಕ್ಕೆ ಸಂಕರ ಎಂದು ಹೆಸರು. ಆಗೊಮ್ಮೆ ಈಗೊಮ್ಮೆ ಎರಡು ಹಳ್ಳಿಗಳ ಸ್ಥಾನವನ್ನು ಸುಮ್ಮನೆ ಅದಲುಬದಲು ಮಾಡುವುದೂ ಉಂಟು. ಇದಕ್ಕೆ ಉತ್ಪರಿವರ್ತನೆ ಎಂದು ಹೆಸರು. ಹೀಗೆ ಹುಟ್ಟಿದ ನೂರು ಕ್ರಮಗಳು ಎರಡನೆಯ ಪೀಳಿಗೆಯಾಗುತ್ತವೆ. ನೂರಾರು ಪೀಳಿಗೆಗಳು ಕಳೆಯುವಷ್ಟರಲ್ಲಿ ಬಹಳ ಒಳ್ಳೆಯ ದಾರಿಯೊಂದು ಸಾಮಾನ್ಯವಾಗಿ ದೊರೆಯುತ್ತದೆ. ತೋಟದಲ್ಲಿ ಒಂದು ಪೀಳಿಗೆಗೆ ವರ್ಷಗಳು ಬೇಕು. ಯಂತ್ರದಲ್ಲಿ ಕ್ಷಣಮಾತ್ರ ಸಾಕು.

ಈ ವಿಚಾರವು ಒಬ್ಬರ ತಲೆಯಲ್ಲಿ ಮಾತ್ರ ಹೊಳೆದದ್ದಲ್ಲ. ೧೯೬೪ರಲ್ಲಿ ಬರ್ಲಿನ್ನಿನಲ್ಲಿ ಇಂಗೊ ರೆಶೆನ್‌ಬರ್ಗ್ ಅವರು ಮಡಚಬಲ್ಲ ಫಲಕವೊಂದನ್ನು ಬೀಸುವ ಗಾಳಿಗೆ ಒಡ್ಡಿ, ಅದರ ಮಡಿಕೆಗಳನ್ನು ಆಕಸ್ಮಿಕವಾಗಿ ಬದಲಿಸುತ್ತ ಹೋದರು. ಗಾಳಿಯ ತಡೆ ಕಡಿಮೆಯಾದರೆ ಆ ಬದಲಾವಣೆಯನ್ನು ಉಳಿಸಿಕೊಂಡರು, ಇಲ್ಲವಾದರೆ ಬಿಟ್ಟರು. ಅಂಕುಡೊಂಕಾಗಿದ್ದ ಫಲಕವು ಕೊನೆಗೆ ಬಹುಮಟ್ಟಿಗೆ ಸಪಾಟಾಯಿತು. ಅತಿ ಕಡಿಮೆ ತಡೆಯ ಆಕಾರವೂ ಅದೇ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಜಾನ್ ಹಾಲಂಡ್ ಅವರು ೧೯೭೫ರಲ್ಲಿ ಪ್ರಕಟಿಸಿದ ಗ್ರಂಥವು ಸಂಕರ ಮತ್ತು ಉತ್ಪರಿವರ್ತನೆಗಳಿಂದ ಕೂಡಿದ ಗಣನೆಗೆ ಗಟ್ಟಿಯಾದ ತಳಹದಿಯನ್ನು ಹಾಕಿತು. ಈ ವಿಷಯದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನವು ೧೯೮೫ರಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ನಡೆಯಿತು.

ಆದರೆ ವಿದ್ವಾಂಸರನ್ನು ಒಂದು ತೊಡಕು ಕಾಡುತ್ತಿತ್ತು. ಮಂಜು ಮುಸುಕಿದ ಮಲೆನಾಡಿನಲ್ಲಿ ಅತ್ಯಂತ ಎತ್ತರದ ಗುಡ್ಡವನ್ನು ಹುಡುಕುತ್ತಿರುವ ನೂರು ಜನರನ್ನು ಊಹಿಸಬಹುದು. ಸ್ವಲ್ಪ ಎತ್ತರಕ್ಕೆ ಏರಿದ ಒಬ್ಬನನ್ನು ಕಂಡು ಎಲ್ಲರೂ ಅವನ ಬಳಿಗೇ ಧಾವಿಸಿದರೆ, ಎಲ್ಲರೂ ಒಂದು ಸಣ್ಣ ಗುಡ್ಡದ ನೆತ್ತಿಯಲ್ಲಿ ಸೇರಿ ಅಲ್ಲಿಯೇ ನಿಲ್ಲುತ್ತಾರೆ. ಪಕ್ಕದಲ್ಲಿಯೇ ಇರುವ ದೊಡ್ಡ ಬೆಟ್ಟವು ಅವರಿಗೆ ಕಾಣುವುದಿಲ್ಲ. ಗಣನೆಯಲ್ಲಿಯೂ ಹಾಗೆಯೇ. ಉತ್ತಮವಾದವನ್ನೇ ಆರಿಸುವ ಆತುರದಲ್ಲಿ ಕೆಲವೇ ಪೀಳಿಗೆಗಳಲ್ಲಿ ನೂರು ಉತ್ತರಗಳೂ ಒಂದೇ ರೂಪವನ್ನು ತಾಳುತ್ತವೆ. ಒಂದೇ ರೂಪದವುಗಳನ್ನು ಜೋಡಿ ಮಾಡಿದರೆ ಹೊಸತು ಹುಟ್ಟಲಾರದು. ಉತ್ಪರಿವರ್ತನೆಯನ್ನು ಮಿತಿಮೀರಿ ಹೆಚ್ಚಿಸಿದರೋ, ಕಷ್ಟಪಟ್ಟು ಪಡೆದ ಒಳ್ಳೆಯ ಉತ್ತರಗಳೇ ಕೆಟ್ಟುಹೋಗುತ್ತವೆ.

ಈ ತೊಡಕಿಗೆ ಸೊಗಸಾದ ಪರಿಹಾರವೊಂದು ಬಂದದ್ದು ಕರ್ನಾಟಕದಿಂದಲೇ ಎಂಬುದು ಹೆಮ್ಮೆಯ ಸಂಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದ ಸಂಶೋಧನೆಯ ಫಲವಾಗಿ ಎಂ. ಶ್ರೀನಿವಾಸ್ ಮತ್ತು ಎಲ್. ಎಂ. ಪಟ್ನಾಯಕ್ ಅವರು ೧೯೯೪ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಸಂಕರ, ಉತ್ಪರಿವರ್ತನೆಗಳ ಪ್ರಮಾಣವನ್ನು ಎಲ್ಲಕ್ಕೂ ಒಂದೇ ಎಂದು ಮೊದಲೇ ನಿಗದಿ ಮಾಡಬೇಕಾಗಿಲ್ಲ; ಆಯಾ ಉತ್ತರದ ಅರ್ಹತೆಗೆ ತಕ್ಕಂತೆ ಅದು ಬದಲಾಗಲಿ ಎಂಬುದು ಅವರ ಸೂಚನೆ.

ಅವರ ಸೂತ್ರವು ಸರಳವಾದ ಭಿನ್ನರಾಶಿ. ಗುಂಪಿನ ಅತ್ಯುತ್ತಮ ಅಂಕ ೧೦೦, ಸರಾಸರಿ ೬೦ ಎಂದಿರಲಿ. ೮೦ ಅಂಕ ಪಡೆದ ಉತ್ತರವು ಅತ್ಯುತ್ತಮಕ್ಕಿಂತ ೨೦ರಷ್ಟು ಹಿಂದಿದೆ. ಅತ್ಯುತ್ತಮಕ್ಕೂ ಸರಾಸರಿಗೂ ಇರುವ ಅಂತರ ೪೦. ಇಪ್ಪತ್ತನ್ನು ನಲವತ್ತರಿಂದ ಭಾಗಿಸಿ, ಬಂದುದನ್ನು ಅರ್ಧ ಮಾಡಿದರೆ ಉತ್ಪರಿವರ್ತನೆಯ ಸಂಭವವು ನೂರಕ್ಕೆ ೨೫ ಆಗುತ್ತದೆ. ನೂರು ಅಂಕ ಪಡೆದ ಉತ್ತರಕ್ಕೆ ಈ ಲೆಕ್ಕದಂತೆ ಸಂಭವ ಸೊನ್ನೆ. ಅದು ಕೆಡದೆ ಉಳಿಯುತ್ತದೆ. ಸರಾಸರಿಗಿಂತ ಕೆಳಗಿರುವವಕ್ಕೆ ಪೂರ್ಣ ೫೦. ಇನ್ನು ಗುಂಪೆಲ್ಲ ಒಂದೇ ರೂಪಕ್ಕೆ ತಿರುಗುತ್ತಾ ಸರಾಸರಿಯು ೭೫ಕ್ಕೆ ಏರಿತೆಂದು ಭಾವಿಸೋಣ. ಆಗ ಅಂತರ ೨೫ಕ್ಕೆ ಇಳಿಯುತ್ತದೆ. ಅದೇ ೮೦ ಅಂಕದ ಉತ್ತರಕ್ಕೆ ಉತ್ಪರಿವರ್ತನೆಯ ಸಂಭವವು ೪೦ಕ್ಕೆ ಏರುತ್ತದೆ. ವೈವಿಧ್ಯವು ಕುಗ್ಗುತ್ತಿದ್ದಂತೆ ಹೊಸತನ್ನು ಹುಡುಕುವ ಪ್ರಯತ್ನ ತಾನಾಗಿಯೇ ಹೆಚ್ಚುತ್ತದೆ. ಒಳ್ಳೆಯದನ್ನು ಕಾಪಾಡುವುದು, ಆದರೆ ಅಲ್ಲಿಯೇ ನಿಂತುಬಿಡದಿರುವುದು ಎಂಬ ಎರಡು ಧ್ಯೇಯಗಳನ್ನೂ ಈ ಸೂತ್ರವು ಒಟ್ಟಿಗೆ ಸಾಧಿಸುತ್ತದೆ. ಈ ಪ್ರಬಂಧವನ್ನು ಜಗತ್ತಿನ ಸಾವಿರಾರು ಸಂಶೋಧಕರು ಆಧಾರವಾಗಿ ಉಲ್ಲೇಖಿಸಿದ್ದಾರೆ.

ಭಾರತದ ಕೊಡುಗೆ ಇಷ್ಟಕ್ಕೇ ನಿಲ್ಲಲಿಲ್ಲ. ವೆಚ್ಚ ಕಡಿಮೆಯಾಗಬೇಕು, ಬಾಳಿಕೆ ಹೆಚ್ಚಬೇಕು ಎಂಬಂತಹ ಪರಸ್ಪರ ವಿರುದ್ಧವಾದ ಗುರಿಗಳಿದ್ದಾಗ ಒಂದೇ ಉತ್ತರಕ್ಕೆ ಬದಲಾಗಿ ಯೋಗ್ಯ ಉತ್ತರಗಳ ಒಂದು ಸಾಲನ್ನೇ ಕೊಡುವ ವಿಧಾನವನ್ನು ಕಾನ್ಪುರದ ಐ.ಐ.ಟಿ.ಯಲ್ಲಿ ಕಲ್ಯಾಣ್ಮಯ್ ದೇಬ್ ಅವರೂ ಅವರ ಸಂಗಡಿಗರೂ ರೂಪಿಸಿ ೨೦೦೨ರಲ್ಲಿ ಪ್ರಕಟಿಸಿದರು. ಉತ್ತರಗಳು ಒಂದೆಡೆ ಗುಂಪುಗೂಡದೆ ಹರಡಿಕೊಂಡಿರುವಂತೆ ನೋಡಿಕೊಳ್ಳುವುದು ಈ ವಿಧಾನದ ವಿಶೇಷ. ಬೆಂಗಳೂರಿನ ಇನ್ಫೋಸಿಸ್ ವಿಜ್ಞಾನ ಪ್ರತಿಷ್ಠಾನವು ೨೦೧೧ರಲ್ಲಿ ದೇಬ್ ಅವರಿಗೆ ತನ್ನ ಪ್ರಶಸ್ತಿಯನ್ನು ಕೊಟ್ಟು ಗೌರವಿಸಿತು.

ಈ ಶಾಸ್ತ್ರದ ಫಲಗಳು ಬಾಹ್ಯಾಕಾಶವನ್ನೂ ಮುಟ್ಟಿವೆ. ೨೦೦೬ರಲ್ಲಿ ಅಮೆರಿಕದ ನಾಸಾ ಸಂಸ್ಥೆಯು ಹಾರಿಬಿಟ್ಟ ಮೂರು ಸಣ್ಣ ಉಪಗ್ರಹಗಳಲ್ಲಿ ಹೀಗೆ ವಿಕಾಸಗೊಂಡ ಆಂಟೆನಾಗಳಿದ್ದವು. ಅಡ್ಡಾದಿಡ್ಡಿಯಾಗಿ ಬಾಗಿಸಿದ ತಂತಿಯಂತಿದ್ದ ಆ ಆಕಾರವು ಯಾವ ಎಂಜಿನಿಯರನ ಊಹೆಗೂ ಸುಲಭವಾಗಿ ನಿಲುಕುವಂತಹದಲ್ಲ. ೨೦೨೫ರಲ್ಲಿ ಗೂಗಲ್ ಡೀಪ್‌ಮೈಂಡ್ ಸಂಸ್ಥೆಯ ವಿಜ್ಞಾನಿಗಳು ಗಣಕದ ಕ್ರಮವಿಧಿಗಳನ್ನೇ ಪೀಳಿಗೆಯಿಂದ ಪೀಳಿಗೆಗೆ ವಿಕಾಸಗೊಳಿಸುವ ವ್ಯವಸ್ಥೆಯೊಂದನ್ನು ಪ್ರಕಟಿಸಿದರು. ನಾಲ್ಕು ಸಾಲು, ನಾಲ್ಕು ಕಂಬಗಳ ಎರಡು ಸಂಖ್ಯಾಕೋಷ್ಟಕಗಳ ಗುಣಾಕಾರಕ್ಕೆ ೧೯೬೯ರ ವಿಧಾನದಂತೆ ೪೯ ಗುಣಾಕಾರಗಳು ಬೇಕಾಗಿದ್ದವು. ಕೋಷ್ಟಕದಲ್ಲಿ ಮಿಶ್ರ ಸಂಖ್ಯೆಗಳಿದ್ದರೂ ಸಲ್ಲುವಂತೆ ಅದನ್ನು ೪೮ಕ್ಕೆ ಇಳಿಸುವ ದಾರಿಯನ್ನು ಆ ವ್ಯವಸ್ಥೆಯು ಕಂಡುಹಿಡಿಯಿತು.

ಆದರೂ ಈ ಗಣನೆಯು ಮಾಯಾದಂಡವಲ್ಲ. ಅದು ಕೊಡುವ ಉತ್ತರವು ಒಳ್ಳೆಯದಿರಬಹುದು; ಸರ್ವೋತ್ತಮ ಎಂಬ ಭರವಸೆ ಇಲ್ಲ. ಯಾವುದು ಅರ್ಹ ಎಂಬುದನ್ನು ನಿರ್ಣಯಿಸುವವನು ಮನುಷ್ಯನೇ. ಆ ಅಳತೆಗೋಲು ತಪ್ಪಿದರೆ ಯಂತ್ರವು ತಪ್ಪು ಗುರಿಯ ಕಡೆಗೇ ಶ್ರದ್ಧೆಯಿಂದ ಸಾಗುತ್ತದೆ.

ಸ್ವರ್ಣವಲ್ಲಿಯ ಸೀಮೆಯ ಹೊಳೆದಂಡೆಯ ಅಪ್ಪೆಮರಗಳಿಗೂ ಈ ಮಾತು ಅನ್ವಯಿಸುತ್ತದೆ. ಕಸಿ ಕಟ್ಟಿದ ಗಿಡವು ತಾಯಿಯ ಗುಣವನ್ನು ಹಾಗೆಯೇ ಉಳಿಸುತ್ತದೆ. ಆದರೆ ಹೊಸ ಗುಣವನ್ನು ಸೃಷ್ಟಿಸುವುದಿಲ್ಲ. ಹೊಸ ಗುಣ ಹುಟ್ಟಬೇಕಾದರೆ ಬೀಜದಿಂದ ಬೆಳೆದು ನಿಂತ ಹೆಸರಿಲ್ಲದ ನೂರಾರು ಮರಗಳು ಬೇಕು. ಮಿಡಿಯ ಆಸೆಗೆ ಟೊಂಗೆಗಳನ್ನೇ ಕಡಿದಾಗ, ದಂಡೆ ಕುಸಿದು ಮರವೊಂದು ಉರುಳಿದಾಗ, ನಷ್ಟವಾಗುವುದು ಒಂದು ವರ್ಷದ ಉಪ್ಪಿನಕಾಯಿ ಮಾತ್ರವಲ್ಲ. ಮುಂದಿನ ಆಯ್ಕೆಗೆ ಬೇಕಾದ ಬಂಡವಾಳವೂ ನಷ್ಟವಾಗುತ್ತದೆ. ಗಣಕದ ಪೀಳಿಗೆಯು ಅಳಿದರೆ ಅದನ್ನು ಗುಂಡಿಯೊತ್ತಿ ಮತ್ತೆ ಆರಂಭಿಸಬಹುದು. ಹೊಳೆದಂಡೆಯ ಮರಕ್ಕೆ ಆ ಅವಕಾಶವಿಲ್ಲ.