ಲೆಕ್ಕದ ಪುಸ್ತಕವಿಲ್ಲದ ಸೂಲಗಿತ್ತಿ

ನೆದರ್ಲೆಂಡ್ಸ್‌ನ ಉತ್ತರ ಭಾಗದಲ್ಲಿರುವ ಫ್ರೀಸ್‌ಲ್ಯಾಂಡ್ ಪ್ರಾಂತ್ಯದ ಹಳ್ಳಿಯೊಂದರಲ್ಲಿ 1692ರಲ್ಲಿ ಒಬ್ಬ ಶಸ್ತ್ರವೈದ್ಯ ತೀರಿಕೊಂಡ. ಆರು ಮಕ್ಕಳನ್ನು ಸಾಕಬೇಕಾದ ಹೊಣೆ ಅವನ ಹೆಂಡತಿ ಕ್ಯಾಥರೀನಾ ಶ್ರಾಡರ್ ಮೇಲೆ ಬಿತ್ತು. ಮರುವರ್ಷ ಆಕೆ ಹೆರಿಗೆ ಮಾಡಿಸುವ ಕೆಲಸಕ್ಕಿಳಿದಳು. 1745ರವರೆಗೆ, ಅಂದರೆ ಎಂಬತ್ತೆಂಟು ದಾಟುವವರೆಗೂ ಅದನ್ನು ಬಿಡಲಿಲ್ಲ. ಮೂರು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವಳನ್ನು ಇತಿಹಾಸಕಾರರು ಇಂದಿಗೂ ನೆನೆಯುವುದು ಆ ಸಂಖ್ಯೆಗಾಗಿ ಅಲ್ಲ. ಯಾವ ಮನೆ, ಯಾವ ದಿನ, ಗಂಡೋ ಹೆಣ್ಣೋ, ಕೈಗೆ ಬಂದ ಹಣವೆಷ್ಟು ಎಂಬುದನ್ನೆಲ್ಲ ಆಕೆ ಬರೆದಿಟ್ಟಿದ್ದಳು. ಮುಪ್ಪಿನಲ್ಲಿ ಆ ದಿನಚರಿಯಿಂದ ಕಷ್ಟದ ಪ್ರಸಂಗಗಳನ್ನು ಆರಿಸಿ, ಮುಂದಿನವರಿಗೆ ಉಪಯೋಗವಾಗಲೆಂದು ಬೇರೆಯೇ ಒಂದು ಪುಸ್ತಕ ಮಾಡಿದಳು. ಆ ಬರಹ ಉಳಿಯಿತು, ಅದರೊಂದಿಗೆ ಆಕೆಯೂ ಉಳಿದಳು.

ಶ್ರಾಡರ್‌ಳ ಹೆಸರು ನಮ್ಮಲ್ಲಿ ಬಹುಮಂದಿ ಕೇಳಿರಲಾರರು. ಆದರೆ ಆಕೆಯ ಕಥೆ ಓದುವಾಗ ನನಗೆ ನೆನಪಾದದ್ದು ಪಾವಗಡ.

ತುಮಕೂರಿನಿಂದ ಕೊರಟಗೆರೆ, ಮಧುಗಿರಿ ದಾಟಿ ಹೋದರೆ ಸಿಗುವ, ಬಹುಪಾಲು ಆಂಧ್ರದ ನೆಲದಿಂದಲೇ ಸುತ್ತುವರಿದ ಬರಪೀಡಿತ ತಾಲ್ಲೂಕು ಅದು. ಅಲ್ಲಿನ ಕೃಷ್ಣಾಪುರದ ನರಸಮ್ಮ 1920ರಲ್ಲಿ ಹುಟ್ಟಿದವರು. ಮನೆಮಾತು ತೆಲುಗು. ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಹನ್ನೆರಡನೆಯ ವಯಸ್ಸಿಗೆ ಮದುವೆ, ಆಮೇಲೆ ಹನ್ನೆರಡು ಮಕ್ಕಳು, ಅವರಲ್ಲಿ ನಾಲ್ವರು ಎಳವೆಯಲ್ಲೇ ತೀರಿಕೊಂಡರು. ಸೂಲಗಿತ್ತಿಯಾಗಿದ್ದ ಅಜ್ಜಿ ಮರಿಗೆಮ್ಮನ ಹಿಂದೆ ಓಡಾಡುತ್ತ ಕಲಿತ ವಿದ್ಯೆ ಅವರದು. ಊರಿಗೆ ಬಂದು ಹೋಗುತ್ತಿದ್ದ ಅಲೆಮಾರಿಗಳಿಂದ ಗರ್ಭಿಣಿಯರಿಗೆ ಕೊಡುವ ಗಿಡಮೂಲಿಕೆಗಳ ಗುಟ್ಟು ತಿಳಿದುಕೊಂಡರು. 1940ರಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ, ಬಂಧುವೊಬ್ಬರಿಗೆ ಮೊದಲ ಹೆರಿಗೆ ಮಾಡಿಸಿದರು. ಅಲ್ಲಿಂದ ಏಳು ದಶಕಗಳಲ್ಲಿ ಅವರು ಮಾಡಿಸಿದ ಹೆರಿಗೆಗಳು 15,000ಕ್ಕೂ ಹೆಚ್ಚು ಎನ್ನುತ್ತಾರೆ. ಯಾರಿಂದಲೂ ಕಾಸು ಕೇಳಲಿಲ್ಲ. ಹೊಟ್ಟೆಪಾಡಿಗೆ ಕೂಲಿ ಇತ್ತು.

ಏಳು ದಶಕಕ್ಕೆ ಹಂಚಿದರೆ ಆ ಸಂಖ್ಯೆ ವಾರಕ್ಕೆ ನಾಲ್ಕು ಹೆರಿಗೆಯಾಗುತ್ತದೆ. ರಸ್ತೆಯಿಲ್ಲದ, ದೀಪವಿಲ್ಲದ ಊರುಗಳಲ್ಲಿ, ಅದೂ ಬಹುತೇಕ ರಾತ್ರಿಯ ಹೊತ್ತು. ಇದು ಅತಿಶಯೋಕ್ತಿಯೆಂದು ಯಾರಾದರೂ ಶಂಕಿಸಿದರೆ ಅವರಿಗೆ ತೋರಿಸಲು ಶ್ರಾಡರ್‌ಳ ಬಳಿ ಇದ್ದಂಥ ಪುಸ್ತಕ ನರಸಮ್ಮನವರ ಬಳಿ ಇರಲಿಲ್ಲ. ಅವರ ಲೆಕ್ಕವಿದ್ದದ್ದು ಊರವರ ಬಾಯಲ್ಲಿ ಮತ್ತು ಅವರ ಹೆಸರಿನಲ್ಲಿ. ಹೆಸರಿನ ಹಿಂದೆ ತಂದೆಯದೋ ಗಂಡನದೋ ಗುರುತು ಇರುವ ನಾಡಿನಲ್ಲಿ, ಆಕೆ ಕೊನೆಯವರೆಗೂ 'ಸೂಲಗಿತ್ತಿ ನರಸಮ್ಮ'. ಕಸುಬೇ ಮನೆತನವಾಯಿತು.

ಓದುಬರಹವಿಲ್ಲದವರಿಗೆ ಈ ವಿದ್ಯೆಯನ್ನು ದಾಟಿಸುವುದು ಹೇಗೆಂಬ ಪ್ರಶ್ನೆ ಹದಿನೆಂಟನೆಯ ಶತಮಾನದ ಫ್ರಾನ್ಸಿಗೂ ಎದುರಾಗಿತ್ತು. ಅಲ್ಲಿ ಆಂಜೆಲಿಕ್ ದ್ಯು ಕುದ್ರೆ ಎಂಬ ಸೂಲಗಿತ್ತಿ ಬಟ್ಟೆ, ಚರ್ಮಗಳಿಂದ ಬಸುರಿಯ ಸೊಂಟದ ಆಳೆತ್ತರದ ಮಾದರಿಯನ್ನು ಹೊಲಿದಳು. ಒಳಗೊಂದು ಬಟ್ಟೆಯ ಮಗು. ತಲೆ ಎತ್ತ ತಿರುಗಿದೆ, ಕಾಲು ಮೊದಲು ಬಂದರೆ ಏನು ಮಾಡಬೇಕು ಎಂಬುದನ್ನು ಹಳ್ಳಿಯ ಹೆಂಗಸರು ತಮ್ಮ ಕೈಯಿಂದಲೇ ಅದರಲ್ಲಿ ಕಲಿಯಬಹುದಿತ್ತು. ದೊರೆ ಹದಿನೈದನೆಯ ಲೂಯಿ 1759ರಲ್ಲಿ ಆಕೆಗೆ ರಾಜ್ಯವಿಡೀ ಸಂಚರಿಸಿ ಕಲಿಸುವ ಅಪ್ಪಣೆ ಕೊಟ್ಟ. ಆಕೆ ಎರಡು ದಶಕಕ್ಕೂ ಹೆಚ್ಚು ಕಾಲ ಊರೂರು ಸುತ್ತಿ ಸಾವಿರಾರು ಹೆಂಗಸರನ್ನು ತಯಾರು ಮಾಡಿದಳು. ಅಂಥ ಒಂದು ಮಾದರಿ ರೂಆನ್ ನಗರದ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇದೆ.

ನರಸಮ್ಮನವರೂ ತಾವು ಅರಿತದ್ದನ್ನು ಇತರ ಹೆಂಗಸರಿಗೆ ಕಲಿಸಿದರು. ಆದರೆ ಪ್ರಭುತ್ವ ಅವರಿಗೆ ಕೊಟ್ಟದ್ದು ಸನ್ಮಾನ. ಅದೂ ತೊಂಬತ್ತು ದಾಟಿದ ಮೇಲೆ: 2012ರಲ್ಲಿ ದೇವರಾಜ ಅರಸು ಪ್ರಶಸ್ತಿ, 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟ್, 2018ರಲ್ಲಿ ಪದ್ಮಶ್ರೀ. ಅದೇ 2018ರ ಡಿಸೆಂಬರ್ 25ರಂದು ಅವರು ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು. ಕೇಂದ್ರ ಸರ್ಕಾರ ದಾದಿಯರಿಗೆ ಸೂಲಗಿತ್ತಿ ವಿದ್ಯೆಯಲ್ಲಿ 18 ತಿಂಗಳ ವಿಶೇಷ ತರಬೇತಿ ಕೊಡುವ ಮಾರ್ಗಸೂಚಿಯನ್ನು ದೆಹಲಿಯಲ್ಲಿ ಬಿಡುಗಡೆ ಮಾಡಿದ್ದೂ ಅದೇ ತಿಂಗಳು. ಸಹಜ ಹೆರಿಗೆಗೆ ನುರಿತ ಹೆಣ್ಣಿನ ಕೈ ಬೇಕೆಂದು ಸರ್ಕಾರ ಒಪ್ಪಿಕೊಂಡ ತಿಂಗಳಲ್ಲೇ ಆ ಕೈ ತಣ್ಣಗಾಯಿತು.

ಹೀಗೆಂದ ಮಾತ್ರಕ್ಕೆ ಮನೆ ಹೆರಿಗೆಯ ಕಾಲ ಮರಳಿ ಬರಲೆಂದು ನಾನು ಹಂಬಲಿಸುತ್ತಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2019-21ರ ವೇಳೆಗೆ ಕರ್ನಾಟಕದ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿದ್ದವು. ರಕ್ತಸ್ರಾವ ನಿಲ್ಲದೆ, ನಂಜೇರಿ ಸತ್ತ ಬಾಣಂತಿಯರ ನೆನಪು ಯಾವ ಹಳ್ಳಿಯಲ್ಲಿಲ್ಲ? ಸೂಲಗಿತ್ತಿಯ ಕೈಮೀರಿದ ಅಂಥ ಗಳಿಗೆಗೆ ಆಸ್ಪತ್ರೆಯೇ ಬೇಕು. ಆದರೆ ನೋವು ತಿನ್ನುವವಳ ಪಕ್ಕದಲ್ಲಿ ರಾತ್ರಿಯಿಡೀ ಕುಳಿತು ಬೆನ್ನು ನೀವುವ, ಅವಸರಪಡಿಸದೆ ಕಾಯುವ, ಹೊಟ್ಟೆಯ ಮೇಲೆ ಕೈಯಿಟ್ಟು ಮಗುವಿನ ತಲೆಯನ್ನು ಗುರುತಿಸುವ ಜಾಣ್ಮೆ ಆಸ್ಪತ್ರೆಯ ಶತ್ರುವಲ್ಲ. ಕಿಕ್ಕಿರಿದ ಹೆರಿಗೆ ವಾರ್ಡಿನಲ್ಲಿ ಇಲ್ಲದಿರುವುದೂ ಅದೇ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳು ಸೇರಿ ಒಂದು ಶೈಕ್ಷಣಿಕ ಜಿಲ್ಲೆಯಾಗಿವೆ. ಇಲ್ಲಿಯ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಹೆರಿಗೆ ಮಾಡಿಸುತ್ತಿದ್ದ ಮುದುಕಿಯರು ಇನ್ನೂ ಇದ್ದಾರೆ, ಯಾರೂ ಕರೆಯದೆ ಜಗುಲಿಯಲ್ಲಿ ಕುಳಿತಿದ್ದಾರೆ. ಅವರಿಗೆ ಶಾಲು ಹೊದಿಸುವ ಮೊದಲು ಅವರ ಮಾತನ್ನು ಯಾರಾದರೂ ದಾಖಲಿಸಿಕೊಳ್ಳಲಿ. ಯಾವುದನ್ನು ಒಪ್ಪಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ವೈದ್ಯರು ಆಮೇಲೆ ಪರೀಕ್ಷಿಸಲಿ. ಹಾಗೆ ಕೇಳಲು ಹೋಗುವವರು ಸೂಲಗಿತ್ತಿಯನ್ನು ತೆಲುಗಿನಲ್ಲಿ ಮಂತ್ರಸಾನಿ ಎನ್ನುತ್ತಾರೆಂಬುದನ್ನು ತಿಳಿದಿರಬೇಕು. ಪಾವಗಡದ ಎಷ್ಟೋ ಮನೆಗಳಲ್ಲಿ ಕನ್ನಡದಲ್ಲಿ ಕೇಳಿದ ಪ್ರಶ್ನೆಗೂ ಉತ್ತರ ಬರುವುದು ಆ ಭಾಷೆಯಲ್ಲೇ.